ಗಿಣಿಗೇರಿ ದಾಟುವ ಕಲ್ಲಿದ್ದಲು, ಅಘನಾಶಿನಿಯ ಬಳಚು

"ಕನಕಗಿರಿಗೂ ಸಮುದ್ರಕ್ಕೂ ಏನ್ರೀ ಸಂಬಂಧ?"

ಕರಾವಳಿ ನೀರಿನ ಆಮ್ಲೀಯತೆ ಬದಲಾಗುತ್ತಿರುವ ಬಗ್ಗೆ ಒಂದು ವಿಶೇಷ ವರದಿ ಕೊಡಲೇ ಎಂದು ಕೇಳಿದ್ದಕ್ಕೆ ಡೆಸ್ಕ್‌ನಿಂದ ಬಂದ ಉತ್ತರ ಇದು. ಕೇಳಿದವರನ್ನು ನಾನು ದೂರುವುದಿಲ್ಲ. ಕಾರವಾರ ನಮಗೆ ಮುನ್ನೂರು ಕಿಲೋಮೀಟರ್‌ಗೂ ದೂರ. ಇಲ್ಲಿ ಸುದ್ದಿ ಎಂದರೆ ಕನಕಾಚಲಪತಿ ಜಾತ್ರೆ, ಬೋರ್‌ವೆಲ್ಲಿನ ಫ್ಲೋರೈಡ್ ನೀರು, ತುಂಗಭದ್ರೆಯ ಒಳಹರಿವು, ಭತ್ತದ ದರ. ಸಮುದ್ರದ್ದು ನಮಗೆ ತಲುಪುವುದು ಸಂತೆಯಲ್ಲಿ ಸೇರಿನಲ್ಲಿ ಅಳೆದು ಕೊಡುವ ಒಣ ಸೀಗಡಿ, ಗಂಗಾವತಿಗೆ ಐಸ್ ಪೆಟ್ಟಿಗೆಯಲ್ಲಿ ಬರುವ ಬಂಗುಡೆ, ಅಷ್ಟೇ. ವರದಿ ಜಿಲ್ಲಾ ಪುಟಕ್ಕೆ ಹೊಂದಲಿಲ್ಲ. ಆದರೆ ಸಂಬಂಧ ಇದೆ. ಅದು ನಮ್ಮ ಊರಿನ ಹೊಲದಿಂದಲೇ ಶುರುವಾಗುತ್ತದೆ, ರೈಲು ಹಳಿಯ ಮೇಲೆ ಮುಂದುವರಿಯುತ್ತದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಲದ ಮಾತು ಮೊದಲು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ನಿಮ್ಮ ಮನೆಯಲ್ಲೂ ಎಲ್ಲೋ ಪಂಚಾಂಗದ ಹಿಂದೆ ಸಿಕ್ಕಿಸಿರಬಹುದು. ಅದರಲ್ಲಿ ರಸಸಾರ ಎಂದು ಒಂದು ಕಾಲಂ ಇದೆ. ಇಂಗ್ಲಿಷಿನವರು ಪಿಎಚ್ ಎನ್ನುತ್ತಾರೆ. 7 ಎಂದರೆ ನಡುವೆ. ಅದಕ್ಕಿಂತ ಕೆಳಗೆ ಹೋದರೆ ಹುಳಿ, ಮೇಲೆ ಹೋದರೆ ಕ್ಷಾರ. ನಮ್ಮ ಎರಿ ಹೊಲಗಳಲ್ಲಿ 8ರ ಮೇಲಿನ ಅಂಕಿ ಸಾಮಾನ್ಯ; 8.5 ದಾಟಿತೆಂದರೆ ಕೃಷಿ ಅಧಿಕಾರಿ ಜಿಪ್ಸಂ ಹಾಕಲು ಹೇಳುತ್ತಾರೆ. ಗಂಗಾವತಿ, ಕಾರಟಗಿ ಕಡೆಯ ರೈತರಿಗೆ ಈ ಲೆಕ್ಕ ಯಾವ ಪದವೀಧರರಿಗಿಂತಲೂ ಚೆನ್ನಾಗಿ ಗೊತ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಮಾಡುತ್ತಿರುವ ಮುಖ್ಯ ಕೆಲಸವೇ ಸವಳು ಭೂಮಿಯ ಅಧ್ಯಯನ.

ಸವಳು ಹೇಗೆ ಬಂತು ಎನ್ನುವುದು ಇಲ್ಲಿ ಮುಖ್ಯ. 1953ರಲ್ಲಿ ತುಂಗಭದ್ರಾ ನೀರು ಬಂತು. ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ ನೀರಾವರಿ ಅದು. ಕಾಲುವೆಯ ಮೇಲ್ಭಾಗದವರು ಭತ್ತ ಹಾಕಿದರು. ನೀರು ನಿಂತಿತು, ಅಂತರ್ಜಲ ಮೇಲೆ ಬಂತು, ಉಪ್ಪು ಜೊತೆಗೆ ಬಂತು. ಯಾವ ವರ್ಷ, ಯಾವ ತಿಂಗಳು ಹೊಲ ಕೆಟ್ಟಿತು ಎಂದು ಕೇಳಿ ನೋಡಿ, ಒಬ್ಬ ರೈತನೂ ಹೇಳಲಾರ. "ಮೊದಲು ಮೂಲೆಯಾಗ ಬೆಳ್ಳಗೆ ಕಾಣತಿತ್ತು, ನೋಡನೋಡತಾ ಅರ್ಧ ಹೊಲ ಆತು" ಎನ್ನುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಬೆಳಗಾಗುವುದರೊಳಗೆ ದೇಶದ ಎಲ್ಲ ಚಾನೆಲ್ಲುಗಳೂ ಹೊಸಪೇಟೆಯಲ್ಲಿದ್ದವು. ಒಂದೇ ಗೇಟು, ಒಂದೇ ರಾತ್ರಿ. ಐವತ್ತು ವರ್ಷ ಹಿಡಿದು ಸವಳಾದ ಸಾವಿರಾರು ಎಕರೆಗೆ ಒಂದು ದಿನವೂ ಅಂಥ ಕ್ಯಾಮೆರಾ ಬಂದಿಲ್ಲ.

ಸಮುದ್ರದಲ್ಲಿ ಈಗ ಆಗುತ್ತಿರುವುದೂ ಇಂಥ ನಿಧಾನದ ಕೆಡುಕು. ದಿಕ್ಕು ಮಾತ್ರ ಉಲ್ಟಾ. ನಮ್ಮ ಹೊಲದ ರಸಸಾರ ಮೇಲೇರಿ ಕೆಟ್ಟಿತು, ಸಮುದ್ರದ್ದು ಕೆಳಗಿಳಿಯುತ್ತಿದೆ.

ಸಮುದ್ರದ ನೀರು ಹುಳಿಯಾಗಿಲ್ಲ, ಆಗುವುದೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ 'ಸಮುದ್ರ ಆ್ಯಸಿಡ್ ಆಗ್ತಿದೆ' ಎಂದು ಬರುವ ವಿಡಿಯೊ ನೋಡಿ ಹೆದರಬೇಡಿ. ಕೈಗಾರಿಕಾ ಯುಗಕ್ಕೆ ಮೊದಲು ಸಮುದ್ರದ ಮೇಲ್ಪದರದ ರಸಸಾರ ಸರಾಸರಿ 8.2ರ ಹತ್ತಿರ ಇತ್ತು, ಈಗ 8.1ರ ಆಸುಪಾಸಿನಲ್ಲಿದೆ. ಈಗಲೂ ಕ್ಷಾರವೇ. 0.1 ಅಂದರೆ ಏನು ಮಹಾ ಅನಿಸುತ್ತದೆ. ಆದರೆ ರಸಸಾರದ ಅಳತೆ ನಮ್ಮ ಫುಟ್‌ಪಟ್ಟಿಯಂಥದ್ದಲ್ಲ. ಒಂದು ಮನೆ ಕೆಳಗಿಳಿದರೆ ಆಮ್ಲೀಯತೆ ಹತ್ತು ಪಟ್ಟು ಹೆಚ್ಚು. ಆ ಲೆಕ್ಕದಲ್ಲಿ 0.1 ಇಳಿಕೆ ಎಂದರೆ ಆಮ್ಲೀಯತೆ ಶೇ 25ರಿಂದ 30ರಷ್ಟು ಏರಿದಂತೆ. ಭೂಮಿಯ ಎಲ್ಲ ಸಮುದ್ರಗಳೂ ಸೇರಿ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಇಷ್ಟು ಬದಲಾಗಿರುವುದು ಸಣ್ಣ ಮಾತಲ್ಲ.

ಕಾರಣ ತಿಳಿಯಲು ಗೋಲಿ ಸೋಡಾ ಸಾಕು. ಬಾಟಲಿಯಲ್ಲಿ ಒತ್ತಡದಿಂದ ತುಂಬಿದ ಗ್ಯಾಸ್ ಇಂಗಾಲದ ಡೈಆಕ್ಸೈಡ್. ನೀರಿನಲ್ಲಿ ಕರಗಿದಾಗ ಅದು ಕಾರ್ಬಾನಿಕ್ ಆಮ್ಲವಾಗುತ್ತದೆ, ನಾಲಿಗೆಗೆ ಚುರುಕ್ ಎನ್ನುವ ಆ ಹುಳಿ ಅದರದ್ದೇ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಸುಟ್ಟು ನಾವು ಗಾಳಿಗೆ ಬಿಡುವುದೂ ಅದೇ ಅನಿಲ. ಅದರಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆ ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 315 ಭಾಗ ಇತ್ತು. ಈಗ 420 ದಾಟಿದೆ. ಸಮುದ್ರ ಹೀರದೆ ಇದ್ದಿದ್ದರೆ ನಮ್ಮ ಬೇಸಿಗೆ ಇನ್ನೂ ಬೇಗೆಯಾಗಿರುತ್ತಿತ್ತು. ಅಂದರೆ ನಮ್ಮ ಸೆಕೆಯ ಒಂದು ಪಾಲನ್ನು ಸಮುದ್ರ ಹೊತ್ತುಕೊಂಡಿದೆ.

ಹೊತ್ತುಕೊಂಡಿದ್ದರ ಬೆಲೆ ಯಾರು ಕೊಡುತ್ತಾರೆ? ಚಿಪ್ಪು ಕಟ್ಟುವ ಜೀವಿಗಳು. ಸುಣ್ಣದ ಕಲ್ಲಿನ ಮೇಲೆ ನಿಂಬೆಹುಳಿ ಹಿಂಡಿ ನೋಡಿ, ಬುರಬುರ ನೊರೆ ಬರುತ್ತದೆ, ಕಲ್ಲು ಕರಗುತ್ತದೆ. ಚಿಪ್ಪು, ಹವಳ ಎಲ್ಲವೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಸಮುದ್ರದಲ್ಲಿ ಹೀಗೆ ನೊರೆ ಏಳುವುದಿಲ್ಲ. ಅಲ್ಲಿ ಆಗುವುದು ಬೇರೆ. ಆಮ್ಲೀಯತೆ ಏರಿದಷ್ಟೂ ನೀರಿನಲ್ಲಿ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಮನೆ ಕಟ್ಟುವವನಿಗೆ ಸಿಮೆಂಟ್ ತುಟ್ಟಿಯಾದಂತೆ. ದೊಡ್ಡ ಚಿಪ್ಪಿ ಹೇಗೋ ಸುಧಾರಿಸಿಕೊಳ್ಳುತ್ತದೆ, ಹುಟ್ಟಿದ ಮರಿಗೆ ಅದು ಕಷ್ಟ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ಅಮೆರಿಕದ ಒರೆಗಾನ್ ಕರಾವಳಿಯ ವಿಸ್ಕಿ ಕ್ರೀಕ್ ಎಂಬ ಸಿಂಪಿ ಮರಿ ಕೇಂದ್ರದಲ್ಲಿ 2007ರಿಂದ ಮರಿಗಳು ರಾಶಿ ರಾಶಿ ಸಾಯತೊಡಗಿದವು. ಮೊದಲು ಬ್ಯಾಕ್ಟೀರಿಯಾ ಎಂದುಕೊಂಡರು, ನೀರು ಶುದ್ಧ ಮಾಡಿದರು, ಆದರೂ ಸಾವು ನಿಲ್ಲಲಿಲ್ಲ. ಕೊನೆಗೆ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಂದು ನೀರಿನ ರಸಾಯನ ನೋಡಿದಾಗ ಗೊತ್ತಾಯಿತು: ಗಾಳಿಗೆ ಆಳದ ನೀರು ದಡಕ್ಕೆ ಮೇಲೆದ್ದು ಬಂದ ದಿನಗಳಲ್ಲೇ ಮರಿಗಳು ಸಾಯುತ್ತಿದ್ದವು. ಆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಕಾರ್ಬೊನೇಟ್ ಕಡಿಮೆ. ಸಿಂಪಿ ಮರಿ ಮೊದಲ ಎರಡು ದಿನಗಳಲ್ಲೇ ಚಿಪ್ಪು ಕಟ್ಟಿಕೊಳ್ಳಬೇಕು, ಆಗ ಅದಕ್ಕಿರುವುದು ತತ್ತಿಯಿಂದ ತಂದ ಶಕ್ತಿ ಮಾತ್ರ. ಕೇಂದ್ರದವರು ಏನು ಮಾಡಿದರು ಗೊತ್ತೇ? ತೊಟ್ಟಿಗೆ ಬರುವ ನೀರಿಗೆ ಸೋಡಾ ಪುಡಿ, ಅಂದರೆ ಸೋಡಿಯಂ ಕಾರ್ಬೊನೇಟ್, ಬೆರೆಸಿದರು. ಕಾರಟಗಿಯ ರೈತ ಹೊಲಕ್ಕೆ ಜಿಪ್ಸಂ ಹಾಕುವ ಹಾಗೇ. ತೊಟ್ಟಿಗೆ ಹಾಕಬಹುದು. ಅರಬ್ಬೀ ಸಮುದ್ರಕ್ಕೆ ಎಷ್ಟು ಮೂಟೆ ಹಾಕುತ್ತೀರಿ?

ಆಳದ ನೀರು ಮೇಲೇಳುವುದು ಒರೆಗಾನ್‌ಗೆ ಮಾತ್ರ ಸೇರಿದ್ದಲ್ಲ, ನಮ್ಮ ಪಶ್ಚಿಮ ಕರಾವಳಿಯಲ್ಲೂ ಪ್ರತಿ ಮಳೆಗಾಲ ಆಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆ ಹೊತ್ತಿನಿಂದ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ ಆಳದ ತಣ್ಣನೆಯ ನೀರು ದಡದ ಕಡೆ ಸರಿಯುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಮೀನಿಗೆ ಹಬ್ಬ. ಆದರೆ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1997ರಿಂದ ಕಾಂದೋಳಿ ಕಡಲತೀರದ ಎದುರು ಒಂದೇ ಜಾಗದಲ್ಲಿ ಮತ್ತೆ ಮತ್ತೆ ನೀರು ತೆಗೆದು ನೋಡುತ್ತಾ ಬಂದಿದ್ದಾರೆ. ಮಳೆಗಾಲದ ಕೊನೆಗೆ ತಳದ ನೀರಿನಲ್ಲಿ ಆಮ್ಲಜನಕ ತೀರ ಕುಸಿಯುವುದು ಅಲ್ಲಿ ಕಂಡಿದೆ. ಆಮ್ಲಜನಕ ಕುಸಿದಲ್ಲಿ ರಸಸಾರವೂ ಇಳಿದಿರುತ್ತದೆ, ಯಾಕೆಂದರೆ ಎರಡೂ ಕೊಳೆಯುವಿಕೆಯ ಫಲ. ಇದು ಸೃಷ್ಟಿಯ ಸಹಜ ಏರಿಳಿತ, ಜೀವಿಗಳು ಒಗ್ಗಿಕೊಂಡಿವೆ. ಆದರೆ ಈ ಸಹಜ ಇಳಿತದ ಮೇಲೆ ಹೊಗೆಯ ಇಳಿತ ಕೂಡಿದರೆ? ಈಗಾಗಲೇ ಸಾಲದಲ್ಲಿರುವ ಮನೆಗೆ ಇನ್ನೊಂದು ಕಂತು ಬಂದಂತೆ. ಊರಿನ ಕೊಳಚೆ ನೀರು ಸಮುದ್ರ ಸೇರಿದಲ್ಲಿ ಕೊಳೆಯುವಿಕೆ ಇನ್ನೂ ಹೆಚ್ಚು, ರಸಸಾರ ಇನ್ನೂ ಕಡಿಮೆ. ಕರಾವಳಿಯವರು ಬರೀ ನಮ್ಮ ಚಿಮಣಿಗಳನ್ನು ದೂರುವಂತೆಯೂ ಇಲ್ಲ ಎಂದ ಹಾಗಾಯಿತು.

ಇಲ್ಲಿ ಒಂದು ಎಚ್ಚರಿಕೆ. ಮೀನು ಕಡಿಮೆಯಾಗಿದ್ದಕ್ಕೆಲ್ಲ ಆಮ್ಲ ಕಾರಣ ಎಂದು ಬರೆಯುವ ಆತುರ ಬೇಡ. ಬೂತಾಯಿ ಕಥೆ ನೋಡಿ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್‌ನಷ್ಟು ಸಿಕ್ಕಿದ್ದ ಮೀನು 2021ರಲ್ಲಿ ಬರೀ 3,297 ಟನ್‌ಗೆ ಇಳಿಯಿತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅದಕ್ಕೆ ಹೇಳಿದ್ದು ಸಮುದ್ರದ ಬಿಸಿ, ಎಲ್ ನಿನೊ, ಮರಿ ಮೀನು ಹಿಡಿಯುವುದು ಇಂಥವನ್ನು. ಆಮ್ಲೀಯತೆ ಒಬ್ಬಂಟಿಯಾಗಿ ಬರುವುದಿಲ್ಲ, ಬಿಸಿಯ ಜೊತೆ, ಆಮ್ಲಜನಕದ ಕೊರತೆ ಜೊತೆ ಬರುತ್ತದೆ. ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ವಿಜ್ಞಾನಿಗಳ ಕೆಲಸ, ಅದಕ್ಕೆ ಅವರಿಗೆ ಹತ್ತಾರು ವರ್ಷಗಳ ಅಳತೆ ಬೇಕು.

ಅಳತೆ ಎಂದರೆ ಎಂಥದ್ದು ಎನ್ನುವುದೂ ಮುಖ್ಯ. ರೈತ ಸಂಪರ್ಕ ಕೇಂದ್ರದಲ್ಲಿ ಪೆನ್ನಿನ ಹಾಗಿರುವ ರಸಸಾರ ಮೀಟರ್ ನೋಡಿದ್ದೀರಿ. ದಶಮಾಂಶದ ಒಂದು ಅಂಕಿ ತೋರಿಸುತ್ತದೆ. ತೆರೆದ ಸಮುದ್ರದ ರಸಸಾರ ಹತ್ತು ವರ್ಷಕ್ಕೆ ಸುಮಾರು 0.02 ಇಳಿಯುತ್ತಿದೆ. ಅಂದರೆ ಆ ಪೆನ್ನು ಹಿಡಿದು ಇಪ್ಪತ್ತು ವರ್ಷ ಮಲ್ಪೆ ದಕ್ಕೆಯ ಮೇಲೆ ನಿಂತರೂ ಅಂಕಿ ಕದಲದಿರಬಹುದು. 1990ರ ದಶಕದ ಆರಂಭದಿಂದ ಕೇಂದ್ರ ಸರ್ಕಾರದ ಕೊಮ್ಯಾಪ್ಸ್ ಕಾರ್ಯಕ್ರಮದಲ್ಲಿ ಕರಾವಳಿ ನೀರಿನ ಮಾದರಿ ತೆಗೆಯುತ್ತಾ ಬಂದಿದ್ದಾರೆ, ಅದು ಮುಖ್ಯವಾಗಿ ಮಾಲಿನ್ಯ ನೋಡಲು. ನಿಧಾನದ ಬದಲಾವಣೆ ಹಿಡಿಯಲು ಬೇರೆ ಸಲಕರಣೆ, ಬೇರೆ ಶಿಸ್ತು ಬೇಕು. ಹವಾಯಿಯಲ್ಲಿ 1988ರಿಂದ ಒಂದೇ ಜಾಗದಲ್ಲಿ ಅಳೆದಿದ್ದರಿಂದಲೇ ಇವತ್ತು ಇಳಿಕೆ ರೇಖೆ ಜಗತ್ತಿಗೆ ಕಾಣುತ್ತಿದೆ. ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆ 2023ರಲ್ಲಿ ಕೊಚ್ಚಿ ಮತ್ತು ವಿಶಾಖಪಟ್ಟಣದ ಎದುರು ನೀರಿನ ಗುಣ ತಾನಾಗಿ ಅಳೆಯುವ ತೇಲು ಯಂತ್ರಗಳನ್ನು ಬಿಟ್ಟಿತು. ರಸಸಾರವೂ ಅದರಲ್ಲಿ ಸೇರಿದೆ. ಮುನ್ನೂರು ಚಿಲ್ಲರೆ ಕಿಲೋಮೀಟರ್ ಕರಾವಳಿ ಇರುವ ಕರ್ನಾಟಕದವರು ನಮಗೂ ಒಂದು ಕೊಡಿ ಎಂದು ಗಟ್ಟಿಯಾಗಿ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಕೇಳಬೇಕಾದ ಜಾಗ ಅಘನಾಶಿನಿ. ಶಿರಸಿಯಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಈ ನದಿಗೆ ಅಣೆಕಟ್ಟಿಲ್ಲ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಿಗಿಳಿದು ಬಳಚು ಹೆಕ್ಕುತ್ತಾರೆ. ದೋಣಿ ಬೇಡ, ಬಲೆ ಬೇಡ, ಬಂಡವಾಳ ಬೇಡ. ಎರಡು ಸಾವಿರಕ್ಕೂ ಹೆಚ್ಚು ಜನ ಇದರ ಮೇಲೆ ಬದುಕುತ್ತಾರೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಲೆಕ್ಕ ಹಾಕಿದ್ದರು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅದೇ ದಿನದ ಪಟ್ಟಿಯಲ್ಲಿ ನಮ್ಮ ನೆರೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆಗಳೂ ಇದ್ದವು. ನಮ್ಮ ಭಾಗದ ಪತ್ರಿಕೆಗಳಲ್ಲಿ ಅವೆರಡು ಬಂದವು, ಅಘನಾಶಿನಿ ಒಂದು ಸಾಲಿನಲ್ಲಿ ಮುಗಿಯಿತು. ಈ ಅಳಿವೆ ದಂಡೆಯ ತದಡಿಯಲ್ಲಿ ಹಿಂದೆ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಇತ್ತು. ಜನ ವಿರೋಧಿಸಿದರು, ಯೋಜನೆ ಬರಲಿಲ್ಲ. ದೊಡ್ಡ ಗೆಲುವು. ಆದರೆ ಚಿಮಣಿ ತದಡಿಯಲ್ಲಿ ಏಳದಿದ್ದರೇನು, ಬೇರೆಡೆ ಎದ್ದವು: ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್, ಯರಮರಸ್‌ನಲ್ಲಿ 1,600. ಶಕ್ತಿನಗರದಲ್ಲಿ 1,720, ಕುಡಿತಿನಿಯಲ್ಲಿ 1,700 ಇವೆ. ಅದಕ್ಕೆ ಬದಲಾಗಿ ಇವು ಬಂದವು ಎನ್ನುತ್ತಿಲ್ಲ. ಬಳಚಿನ ಮರಿಗೆ ಎರಡೂ ಒಂದೇ ಎನ್ನುತ್ತಿದ್ದೇನೆ. ಬೂದಿ ಹತ್ತಿರದ ಊರಿಗೆ ಬೀಳುತ್ತದೆ. ಅನಿಲ ಹಾಗಲ್ಲ, ಇಡೀ ಭೂಮಿಯ ಗಾಳಿಯಲ್ಲಿ ಬೆರೆತು ಎಲ್ಲ ಸಮುದ್ರಕ್ಕೂ ಹಂಚಿ ಇಳಿಯುತ್ತದೆ.

ಈಗ ರೈಲು ಹಳಿಗೆ ಬರೋಣ. ಕೊಪ್ಪಳ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತಾ ನಿಂತವರಿಗೆಲ್ಲ ಗೊತ್ತು, ಹುಬ್ಬಳ್ಳಿ ಕಡೆಯಿಂದ ಕಪ್ಪು ಗಾಡಿ ಬರುತ್ತದೆ, ಪ್ಲಾಟ್‌ಫಾರ್ಮ್ ಬಿಟ್ಟು ಹೋಗುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತದೆ. ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಇಳಿಯುವ ವಿದೇಶಿ ಕಲ್ಲಿದ್ದಲು ಲೋಂಡಾ, ಹುಬ್ಬಳ್ಳಿ, ಗದಗ, ಕೊಪ್ಪಳ, ಗಿಣಿಗೇರಿ, ಹೊಸಪೇಟೆ ದಾಟಿ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಹೋಗುವುದು ಇದೇ ಹಳಿಯ ಮೇಲೆ. 2020ರ ನವೆಂಬರ್‌ನಲ್ಲಿ ಗೋವಾದ ಚಾಂದೋರ್‌ನಲ್ಲಿ ಜನ ರಾತ್ರಿಯಿಡೀ ಹಳಿಯ ಮೇಲೆ ಕೂತಿದ್ದು ಈ ಕಲ್ಲಿದ್ದಲಿಗೆಂದು ಹಳಿ ಜೋಡಿ ಮಾಡಬೇಡಿ ಎಂದು. ನಾನೇ ಒಂದು ಒರಟು ಲೆಕ್ಕ ಹಾಕಿದೆ. ಒಂದು ರೇಕ್ ಎಂದರೆ ಸುಮಾರು 4,000 ಟನ್. ಅಂಥ ಒಂದು ಟನ್ ಕಲ್ಲಿದ್ದಲು ಉರಿದರೆ ಎರಡೂವರೆ ಟನ್‌ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್. ಒಂದು ಗಾಡಿಯಿಂದ 10 ಸಾವಿರ ಟನ್. ಅದರಲ್ಲಿ ಕಾಲು ಭಾಗ, ಎರಡೂವರೆ ಸಾವಿರ ಟನ್, ಇವತ್ತಲ್ಲ ನಾಳೆ ಸಮುದ್ರಕ್ಕೆ. ಸಮುದ್ರದ ಮೇಲಿಂದ ಬಂದದ್ದು ಸಮುದ್ರಕ್ಕೇ ಹೋಗುತ್ತದೆ, ನಡುವೆ ನಮ್ಮ ಊರು ದಾಟಿ. (ನಮ್ಮ ಹೊಲದ ನೀರು ಮಾತ್ರ ತುಂಗಭದ್ರೆ, ಕೃಷ್ಣೆ ಹಿಡಿದು ಪೂರ್ವದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಯೂರಿಯಾ ಸಮೇತ. ಅದು ಇನ್ನೊಂದು ಲೇಖನ.)

2025ರ ಫೆಬ್ರುವರಿ ನೆನಪಿದೆಯಲ್ಲ. ಕೊಪ್ಪಳದ ಮಗ್ಗುಲಲ್ಲೇ ಬೃಹತ್ ಉಕ್ಕು ಕಾರ್ಖಾನೆ ವಿಸ್ತರಣೆ ಬೇಡ ಎಂದು ಇಡೀ ಊರು ಬಂದ್ ಆಯಿತು, ಗವಿಮಠದ ಸ್ವಾಮೀಜಿ ಬೀದಿಗೆ ಬಂದರು. ನಮ್ಮ ಜನ ಹೇಳಿದ್ದು ಕರಿಧೂಳಿನ ಬಗ್ಗೆ, ಮಕ್ಕಳ ಕೆಮ್ಮಿನ ಬಗ್ಗೆ, ಹೊಲದ ಬೆಳೆಯ ಬಗ್ಗೆ. ಅದೇ ಫೆಬ್ರುವರಿಯಲ್ಲಿ ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಮೀನುಗಾರರು ಹೊಸ ಬಂದರಿನ ಸಮೀಕ್ಷೆ ತಡೆಯಲು ಸಮುದ್ರಕ್ಕಿಳಿದಿದ್ದರು. ಆ ಬಂದರಿನ ಉದ್ದೇಶಗಳಲ್ಲಿ ಒಂದು ಬಳ್ಳಾರಿ ಭಾಗದ ಉಕ್ಕಿಗೆ ಕಲ್ಲಿದ್ದಲು ಇಳಿಸುವುದು. ಒಂದೇ ಸರಕಿನ ಎರಡು ತುದಿ. ಅವರ ಸುದ್ದಿ ಉತ್ತರ ಕನ್ನಡದ ಪುಟದಲ್ಲಿ, ನಮ್ಮದು ಕೊಪ್ಪಳದ ಪುಟದಲ್ಲಿ. ಅಂಕೋಲೆಯ ಓದುಗನಿಗೆ ಗಿಣಿಗೇರಿ ಕಾಣಲಿಲ್ಲ, ಗಿಣಿಗೇರಿಯವನಿಗೆ ಕೇಣಿ ಎಲ್ಲಿದೆ ಎಂದೇ ಗೊತ್ತಿಲ್ಲ. ಜಿಲ್ಲಾ ಪುಟಗಳು ಬಂದಮೇಲೆ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಕೆಲಸ ಸಿಕ್ಕಿತು, ನಿಜ. ಆದರೆ ಜಿಲ್ಲೆ ದಾಟುವ ಸುದ್ದಿಗೆ ಜಾಗ ಇಲ್ಲದಂತಾಗಿದೆ.

"ಹಂಗಾದ್ರ ಕಾರ್ಖಾನಿ ಬ್ಯಾಡೇನು? ನಮ್ಮ ಹುಡುಗ್ರು ದುಡಿಯೋದೆಲ್ಲಿ?" ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮಳೆ ಇಲ್ಲದ ವರ್ಷ ನಮ್ಮ ತಾಲ್ಲೂಕಿನವರು ಬೆಂಗಳೂರು, ಗೋವಾಕ್ಕೆ ಗುಳೆ ಹೋಗುವುದನ್ನು ನೋಡುತ್ತಲೇ ಬೆಳೆದವನು ನಾನು. ಗಾಳಿ ಕೆಡಿಸಿದವರಲ್ಲಿ ಅಮೆರಿಕ, ಯುರೋಪಿನವರ ಪಾಲೇ ದೊಡ್ಡದು ಎನ್ನುವುದೂ ಸುಳ್ಳಲ್ಲ. ಆದರೆ ಬಳಚು ಹೆಕ್ಕುವ ಹೆಂಗಸು ಅಮೆರಿಕದವಳೂ ಅಲ್ಲ, ಕಲ್ಲಿದ್ದಲು ಸುಟ್ಟವಳೂ ಅಲ್ಲ. ಚಿಮಣಿ ಪಕ್ಕದ ಹಿರೇಬಗನಾಳ, ಅಲ್ಲಾನಗರದ ಮಂದಿಯಂತೆಯೇ ಅವಳೂ ಬೇರೆಯವರ ಲೆಕ್ಕ ತೀರಿಸುತ್ತಿದ್ದಾಳೆ. ಕಾರ್ಖಾನೆ ಬೇಕೋ ಬೇಡವೋ ಎನ್ನುವ ಜಗಳಕ್ಕೆ ಮೊದಲು, ಲೆಕ್ಕವನ್ನಾದರೂ ಪೂರ್ತಿ ಬರೆಯಿರಿ ಎನ್ನುವುದು ನನ್ನ ತಕರಾರು.

ಈಗ ಬರೆಯುವ ಲೆಕ್ಕ ಹೇಗಿದೆ? ದೇಶದ ಗಾಳಿ ಗುಣಮಟ್ಟದ ಮಾನದಂಡದಲ್ಲಿ 2009ರಿಂದ 12 ವಸ್ತುಗಳಿವೆ: ಧೂಳು, ಗಂಧಕದ ಡೈಆಕ್ಸೈಡ್, ಸೀಸ, ಆರ್ಸೆನಿಕ್ ಹೀಗೆ. ಇಂಗಾಲದ ಡೈಆಕ್ಸೈಡ್ ಆ ಪಟ್ಟಿಯಲ್ಲಿ ಇಲ್ಲ. ಪರಿಸರ ಪರಿಣಾಮ ವರದಿಯಲ್ಲಿ ಅಧ್ಯಯನ ಪ್ರದೇಶ ಎಂದು ಕಾರ್ಖಾನೆ ಸುತ್ತ 10 ಕಿಲೋಮೀಟರ್ ವೃತ್ತ ಎಳೆಯುತ್ತಾರೆ. ಆ ವೃತ್ತದೊಳಗಿನ ಗಿಡ, ಕೆರೆ, ಹಕ್ಕಿ, ಶಾಲೆ ಎಲ್ಲವೂ ಪಟ್ಟಿಯಾಗುತ್ತವೆ. ಅಘನಾಶಿನಿ ಆ ವೃತ್ತದೊಳಗೆ ಬರುವುದು ಹೇಗೆ?

ಆದರೂ ಒಂದು ಕಿಂಡಿ ಇದೆ. 2006ರ ಅಧಿಸೂಚನೆ ಪ್ರಕಾರ ಇಂಥ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಮೂವತ್ತು ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಯಲ್ಲಿ ಬಾಯಲ್ಲಿ ಹೇಳಬಹುದು, ಮೊದಲೇ ಬರೆದೂ ಕೊಡಬಹುದು. ಕೇಳಿದ್ದನ್ನು ನಡಾವಳಿಯಲ್ಲಿ ದಾಖಲಿಸಲೇಬೇಕು. ಇಂಥ ಸಭೆಗಳಲ್ಲಿ ಧೂಳಿನ ಬಗ್ಗೆ ಕೂಗು ಏಳುತ್ತದೆ, ಉದ್ಯೋಗದ ಬಗ್ಗೆ ಭರವಸೆ ಸಿಗುತ್ತದೆ, ಮಧ್ಯಾಹ್ನ ಪೊಟ್ಟಣದ ಊಟ ಬರುತ್ತದೆ. ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆ ಕೆಲಸ ಮಾಡುವ ನಮ್ಮ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಅಹವಾಲಿಗೆ ಹೋಗುವಾಗ ಒಂದು ಹಾಳೆಯಲ್ಲಿ ಎರಡು ಪ್ರಶ್ನೆ ಬರೆದುಕೊಂಡು ಹೋಗಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ: ಈ ಘಟಕ ವರ್ಷಕ್ಕೆ ಎಷ್ಟು ಟನ್ ಕಲ್ಲಿದ್ದಲು ಸುಡುತ್ತದೆ, ಅದು ಯಾವ ಬಂದರಿನಿಂದ ಬರುತ್ತದೆ? ಎಷ್ಟು ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ? ಉತ್ತರ ಬಂದರೆ ಅದರ ಒಂದು ಪ್ರತಿಯನ್ನು ಅಂಕೋಲಾ, ಕುಮಟಾದಲ್ಲಿ ಬರೆಯುವ ನಮ್ಮವರಿಗೂ ಕಳಿಸಿ. ಅವರ ಕಡೆಯ ಅಹವಾಲಿನಲ್ಲಿ ಆ ಕಲ್ಲಿದ್ದಲು ಕೊನೆಗೆ ಎಲ್ಲಿ ಉರಿಯುತ್ತದೆ ಎಂದು ಕೇಳಿದವರು ಇದ್ದರೋ ಎಂದೂ ವಿಚಾರಿಸಿ.